ಎರಡು ವರ್ಷದ ಗಿಡ

ಒಂಬತ್ತನೇ ತರಗತಿಗೆ ಬಂದ ಮಕ್ಕಳು ಪರಿಸರ ವಿಜ್ಞಾನದಲ್ಲಿ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಿತ್ತು. ಊರಿನ ಕಸದ ಅಧ್ಯಯನವಾದರೆ ಒಂದೇ ವರ್ಷಕ್ಕೆ ಮುಗಿಯುತ್ತದೆ. ಗಿಡ ನೆಟ್ಟು ಬೆಳವಣಿಗೆ ಅಳೆಯುವುದಾದರೆ ಹತ್ತನೇ ತರಗತಿಯ ಕೊನೆಯವರೆಗೂ ನಡೆಯುತ್ತದೆ. ತನುಜಾ ಗಿಡ ಬೇಕೆಂದಳು. ಜೊತೆಗೆ ಬಂದಿದ್ದ ತಾಯಿ ಒಪ್ಪಲಿಲ್ಲ.

“ಬೇಡ ಟೀಚರ್, ಇವಳಿಗೆ ಕಸದ್ದೇ ಕೊಡಿ. ಒಂದು ವರ್ಷದ್ದು ಸಾಕು. ಹಿಡಿದದ್ದು ಮುಗಿಸಿದ ಹಾಗೂ ಆಗುತ್ತೆ.”

ಶಾಂಭವಿ ಟೀಚರಿಗೆ ಮೈಯೆಲ್ಲ ಉರಿಯಿತು. ಇಂಥ ಅವಸರದ ತಾಯಂದಿರನ್ನು ಅವರು ಬೇಕಾದಷ್ಟು ಕಂಡಿದ್ದರು.

“ಯಾಕಮ್ಮಾ, ಹತ್ತನೇ ಕ್ಲಾಸಿಗೆ ಕಳಿಸಲ್ವಾ? ಆಗ್ಲೇ ಗಂಡು ನೋಡಿಟ್ಟಿದ್ದೀರೋ?”

ತಾಯಿ ಮಗಳ ಮುಖ ನೋಡಿದಳು. “ಹೂಂ ಟೀಚರ್, ನೋಡಿದ್ದೀವಿ,” ಎಂದವಳೇ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಹೋದಳು.

“ನಾಚಿಕೆ ಆಗ್ಬೇಕು ನಿಮ್ಮಮ್ಮಂಗೆ! ನೀನು ಹೆದರಬೇಡ ಕಣೇ, ಆ ಮದುವೆ ನಾನು ನಿಲ್ಲಿಸ್ತೀನಿ,” ಎಂದರು ಟೀಚರ್.

ತನುಜಾ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. “ಮದುವೆನೂ ಇಲ್ಲ, ಏನೂ ಇಲ್ಲ ಟೀಚರ್. ನಾನು ಇನ್ನೊಂದು ವರ್ಷ ಉಳಿದ್ರೆ ಹೆಚ್ಚು ಅಂತ ಡಾಕ್ಟರು ಹೇಳಿದ್ದಾರೆ. ನನಗದು ಗೊತ್ತಿಲ್ಲ ಅಂದ್ಕೊಂಡಿದ್ದಾಳೆ ಅಮ್ಮ. ನೀವೂ ಹೇಳ್ಬೇಡಿ.”

ಟೀಚರ್ ಹೆಸರಿನ ಪಟ್ಟಿಯನ್ನು ಹತ್ತಿರ ಎಳೆದುಕೊಂಡರು. “ಹಾಗಾದ್ರೆ... ಕಸದ್ದೇ ಬರೀಲೇನಮ್ಮಾ?”

“ಬೇಡ ಟೀಚರ್, ಗಿಡಾನೇ ಬರೀರಿ. ಆಮೇಲೆ ನೀರು ಹಾಕಿ ಬೆಳೆಸೋಕೆ ಅಮ್ಮಂಗೆ ಏನಾದ್ರೂ ಬೇಕಲ್ಲ.”