ಮೊದಲೇ ಇದ್ದ ತೂತುಗಳು

ಅವಳು ಸೂಜಿ ಚುಚ್ಚುವ ಮೊದಲೇ ಬಟ್ಟೆಯಲ್ಲಿ ತೂತಿತ್ತು. ಮದುವೆಯಾಗಿ ಬಂದು ಎಂಟು ದಿನವಾಗಿದ್ದ ಸೊಸೆ, ಬಟ್ಟೆ ಬಿಗಿದ ಕಸೂತಿಯ ಬಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪೆನ್ಸಿಲ್ಲಿನಲ್ಲಿ ಬರೆದ ಬಳ್ಳಿಯುದ್ದಕ್ಕೂ ಇರುವೆ ಸಾಲಿನಂತೆ ಸಣ್ಣ ತೂತುಗಳಿದ್ದವು.

"ದಾರ ಸೂಜಿಯ ಕೆಳಗಿರ್ಲಿ. ಬಂದ ತೂತಲ್ಲೇ ಇಳಿಸಿ, ಒಂದು ಅಕ್ಕಿಕಾಳಿನಷ್ಟು ಮುಂದೆ ತೆಗಿ. ಸರಪಳಿ ಹೊಲಿಗೆ ಅಂದ್ರೆ ಇಷ್ಟೇ ಕಣೇ," ಎಂದರು ಅತ್ತೆ. ಕಿತ್ತುಹೋದ ಗುಂಡಿ ಹಚ್ಚಲೂ ಬಾರದವಳ ಕೈಯಲ್ಲಿ ಹೊಲಿಗೆ ಅಚ್ಚು ಹೊಡೆದಂತೆ ಮೂಡುತ್ತಾ ಹೋಯಿತು. ಸೂಜಿಗೆ ದಾರಿ ಗೊತ್ತಿತ್ತು. "ಪರವಾಗಿಲ್ವೇ, ಬೇಗ ಕಲ್ತೆ!" ಎಂದು ಅತ್ತೆ ಬೆನ್ನು ತಟ್ಟಿದರು.

"ಇದನ್ನ ಮುಂಚೆ ಯಾರಾದ್ರೂ ಹೊಲಿದಿದ್ರಾ, ಅತ್ತೆ?"

"ಯಾರು ಹೊಲೀತಾರೆ? ನನಗಿರೋದು ಒಬ್ಬನೇ ಮಗ, ನೀನೇ ಮೊದಲ ಸೊಸೆ."

ಪಕ್ಕದ ಕೋಣೆಯಲ್ಲಿ ಗಂಡ ಪೇಪರ್ ತಿರುವುತ್ತಿದ್ದ ಸದ್ದು ನಿಂತಿತು.

ಮೂರನೇ ಎಲೆಯ ನಡುವಿಗೆ ಬಂದಾಗ ತೂತುಗಳು ಮುಗಿದವು. ಅಲ್ಲಿಂದಾಚೆ ಪೆನ್ಸಿಲ್ ಗೆರೆಯಿತ್ತು, ಬಟ್ಟೆ ಮಾತ್ರ ಹೊಚ್ಚಹೊಸದು. ಅವಳು ಸೂಜಿ ಎತ್ತಿದಳೋ ಇಲ್ಲವೋ, ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು. "ಅಷ್ಟು ಸಾಕು." ಕಸೂತಿಯ ಬಳೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಸೂಜಿಯಿಂದ ದಾರ ಕಳಚಿ, ಅದೇ ಸೂಜಿಯಿಂದ ಒಂದೊಂದೇ ಕುಣಿಕೆ ಎತ್ತಿ ಬಿಚ್ಚತೊಡಗಿದರು. ಬಟ್ಟೆಯತ್ತ ನೋಡುತ್ತಲೂ ಇರಲಿಲ್ಲ. ಕೈಗೆ ರೂಢಿಯಾದ ಕೆಲಸ.

"ಯಾಕತ್ತೆ ಬಿಚ್ತಿದೀರಿ? ತಪ್ಪಾಯ್ತಾ?"

"ಇಲ್ಲಮ್ಮ, ಚೆನ್ನಾಗೇ ಹಾಕಿದೀಯ," ಅತ್ತೆ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದರು. "ಬಟ್ಟೆ ಇನ್ನೂ ಗಟ್ಟಿಯಾಗಿದೆ. ಮುಂದೆ ಬರೋಳಿಗೂ ಆಗುತ್ತೆ."