ಬೆಂಚು ನೋಡಿ ಶಾಲೆ ಸೇರು

ಬಡಗಿ ಬೆಂಚಿನ ಕೆಳಗೆ ನುಸುಳಿದ್ದನ್ನು ಕಂಡು ಹೆಡ್‌ಮಾಸ್ಟರು ಗಾಬರಿಯಾದರು. "ಏನಾದ್ರೂ ಬಿತ್ತಾ?"

"ಇಲ್ಲ ಸಾರ್, ಮಗಳನ್ನ ಆರನೇ ಕ್ಲಾಸಿಗೆ ಸೇರಿಸ್ಬೇಕು. ಅದಕ್ಕೇ ನೋಡ್ತಿದೀನಿ," ಎಂದಿತು ಬೆಂಚಿನ ಕೆಳಗಿನ ದನಿ.

ಊರಲ್ಲಿದ್ದ ಸರಕಾರಿ ಮಾಧ್ಯಮಿಕ ಶಾಲೆಗಳು ಮೂರು. ಸೇರಿಸಲು ಅಂದೇ ಕೊನೆಯ ದಿನ. "ಮೂರನ್ನೂ ನೋಡಿ, ಚೆನ್ನಾಗಿರೋದಕ್ಕೆ ಸೇರಿಸಿ ಬನ್ನಿ" ಎಂದು ಹೆಂಡತಿ ಅಪ್ಪ ಮಗಳಿಬ್ಬರನ್ನೂ ಅಟ್ಟಿದ್ದಳು. ಪಾಠ ಹೇಗೆ, ಮೇಷ್ಟ್ರು ಹೇಗೆ ಎಂದು ಕೇಳುವುದು ಬಿಟ್ಟು ಈ ಮಹಾಶಯ ಬೆಂಚು ಅಲುಗಾಡಿಸುತ್ತಿದ್ದ. ಅದೂ ಮಗಳ ಜೀವದ ಗೆಳತಿ ಸೇರಿದ್ದ ಶಾಲೆಯಲ್ಲೇ! ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಮಗಳಿಗೆ.

"ಒಂದು ಕಾಲು ಗಿಡ್ಡ. ಬೆಂಚೇ ಕುಂಟಿದ್ರೆ ವಿದ್ಯೆ ನೆಟ್ಟಗೆ ನಿಲ್ಲತ್ತಾ? ನಡಿ," ಎಂದ ಬಡಗಿ. ಆ ಬೆಂಚಿನ ಮೇಲಿದ್ದ ಗೆಳತಿ ಮತ್ತು ಇನ್ನು ಮೂವರು ಹುಡುಗಿಯರು ಅದು ವಾಲಿದಾಗಲೆಲ್ಲ ಕಿಸಕ್ಕೆನ್ನುತ್ತಿದ್ದರು. ಮಗಳು ಹಿಂತಿರುಗಿ ನೋಡುತ್ತಲೇ ಹೊರಟಳು.

ಎರಡನೆಯ ಶಾಲೆಯಲ್ಲಿ ಬೆಂಚಿನ ಮೊಳೆಯೊಂದು ಅವನ ಪ್ಯಾಂಟಿನೊಂದಿಗೆ ನೆಂಟಸ್ತನ ಬೆಳೆಸಿತು. ಹರಿದ ಜಾಗಕ್ಕೆ ಉಳಿ-ಸುತ್ತಿಗೆಯ ಚೀಲ ಅಡ್ಡ ಹಿಡಿದು ಮೂರನೆಯದಕ್ಕೆ ಬಂದರೆ, ಆಹಾ! ಸಾಗುವಾನಿ ಬೆಂಚುಗಳು, ಮುಖ ಕಾಣುವಷ್ಟು ಪಾಲಿಶ್. ಒಂದನ್ನು ಸವರಿದ, ತಟ್ಟಿದ, ಮೂಸಿಯೂ ನೋಡಿದ.

"ಹೊಸದಾ ಟೀಚರ್?"

"ನಾನು ಕೆಲಸಕ್ಕೆ ಸೇರಿದಾಗಿಂದ ಇವೇ," ಎಂದರು ತಲೆ ಅರ್ಧ ನೆರೆತಿದ್ದ ಟೀಚರು, ಹೆಮ್ಮೆಯಿಂದ.

"ಒಂದು ಗೀರಿಲ್ಲ! ಮಕ್ಕಳು ಅಂದ್ರೆ ಹೀಗಿರ್ಬೇಕು. ಎಲ್ಲಿ ಸೈನ್ ಹಾಕ್ಲಿ?"

ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಜಗಲಿಯಲ್ಲಿ ಮಕ್ಕಳೆಲ್ಲ ಚಾಪೆಯ ಮೇಲೆ ಕುಳಿತು, ಬೆನ್ನು ಬಗ್ಗಿಸಿ ಬರೆಯುತ್ತಿದ್ದರು. "ಅವರ್ಯಾಕೆ ನೆಲದ ಮೇಲೆ ಕೂತಿದಾರೆ?"

"ಮಕ್ಕಳು ಕೂತ್ರೆ ಬೆಂಚು ಹಾಳಾಗಲ್ವೇನಮ್ಮಾ?" ಎಂದರು ಟೀಚರು.

"ನ್ಯಾಯವಾದ ಮಾತು," ಎಂದು ಬಡಗಿ ಮನಸಾರೆ ತಲೆಯಾಡಿಸಿ, ಸೈನ್ ಹಾಕಲು ಕಿವಿಯ ಮೇಲಿನ ಪೆನ್ಸಿಲ್ಲನ್ನೇ ತೆಗೆದ.

ಮಗಳ ಕಣ್ಣು ತುಂಬಿ ಬಂತು. "ಮನೇಲಿ ನೀನು ಮಾಡಿದ ಕುರ್ಚಿ ಮೇಲೆ ನಾನೂ ಕೂರೋ ಹಾಗಿಲ್ಲ, ಅಮ್ಮಾನೂ ಕೂರೋ ಹಾಗಿಲ್ಲ. ಇಲ್ಲೂ ಇಲ್ಲ ಅಂದ್ರೆ ನಾನು ಎಲ್ಲಪ್ಪಾ ಕೂರ್ಲಿ?"

ಪೆನ್ಸಿಲ್ಲು ಮತ್ತೆ ಕಿವಿಗೇರಿತು.

ಬಾಗಿಲು ಹಾಕುವ ಮುಂಚೆ ಮೊದಲ ಶಾಲೆಗೆ ಓಡಿದರು. ಕುಂಟು ಬೆಂಚಿನ ಮೇಲೆ ಮಗಳು ಐದನೆಯವಳಾಗಿ ತೂರಿಕೊಂಡಳು. ಗಿಡ್ಡ ಕಾಲಿಗೆ ಒತ್ತು ಕೊಡಲೆಂದು ಅವನು ಚೀಲದಿಂದ ಮರದ ಚಕ್ಕೆ ತೆಗೆದದ್ದೇ ತಡ, ಐವರೂ ಒಟ್ಟಿಗೆ "ಬೇಡಾ!" ಎಂದು ಕಿರುಚಿದರು. ಚಕ್ಕೆ ಚೀಲಕ್ಕೆ ವಾಪಸಾಯಿತು.

ಸಂಜೆ ಮನೆಗೆ ಬಂದವನೇ, ನಡುಮನೆಯ ಕುರ್ಚಿಗೆ ಮದುವೆಯಾದಾಗಿನಿಂದ ಹೊದಿಸಿಟ್ಟಿದ್ದ ಹಳೆಯ ಚಾದರವನ್ನು ಕಿತ್ತೆಸೆದು, "ಕೂತ್ಕೋ" ಎಂದ ಹೆಂಡತಿಗೆ. ಅವಳು ಕೂರಲಿಲ್ಲ. ಹತ್ತಿರ ಬಂದು, ಜ್ವರವೇನಾದರೂ ಇದೆಯೇ ಎಂದು ಅವನ ಹಣೆ ಮುಟ್ಟಿ ನೋಡಿದಳು.