ಜೋಯಿಯ ಎಡಗಣ್ಣು

ಹಸಿ ಗಾರೆಯ ಮೇಲೆ ಜೋಯಿಯ ಮುಖ ಮುಗಿದಿತ್ತು, ಕಣ್ಣು ಬರೆಯುವುದೊಂದೇ ಬಾಕಿ. ಗಾರೆ ಒಣಗಿದರೆ ಬಣ್ಣ ಹಿಡಿಯುವುದಿಲ್ಲ. ಈ ಚರ್ಚಿನ ಗೋಡೆಗೆಲ್ಲ ಸುಣ್ಣ ಹೊತ್ತ ಸೆವಾಸ್ತಿ ಕೂಲಿ ಬೇಡವೆಂದಿದ್ದಳು. ಚಳಿಗಾಲದಲ್ಲಿ ಸತ್ತ ಮಗಳು ಜೋಯಿಯನ್ನು ಗೋಡೆಯ ಮೇಲಿನ ಸಂತರ ಕಾಲ ಬಳಿ ಬರೆದರೆ ಸಾಕೆಂದಿದ್ದಳು.

"ಎಡಗಣ್ಣು ಮೂಗಿನ ಕಡೆ ವಾಲ್ಬೇಕು ಮೇಸ್ತ್ರಿ," ಎಂದಳು. "ನಮ್ಮವಳಿಗೆ ಮೆಳ್ಳೆಗಣ್ಣು. ಒಂದು ನನ್ ಮೇಲೆ, ಒಂದು ಮೇಕೆ ಮೇಲೆ."

ಚಿತ್ರಗಾರ ಸ್ತಿಲಿಯಾನೋಸ್ ಕುಂಚ ಅದ್ದುವಷ್ಟರಲ್ಲಿ ಪಾದ್ರಿ ಅಡ್ಡ ಬಂದರು. ದಾನ ಕೊಟ್ಟ ಜಮೀನುದಾರನ ಬೋಳುತಲೆಗೆ ಇದೇ ಗೋಡೆಯಲ್ಲಿ ಕೂದಲು ಬರೆಸಿದವರು ಇವರೇ. "ಅಲ್ಲ ಕಣಮ್ಮ, ಸ್ವರ್ಗದಲ್ಲಿ ಯಾರಿಗೂ ಊನ ಇರಲ್ಲ. ನೇರಕ್ಕೆ ಬರಿಯಪ್ಪ, ಚೆಂದ ಕಾಣ್ಲಿ."

ಸೆವಾಸ್ತಿ ಸುಣ್ಣಕ್ಕೆ ಬೆಂದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ದನಿ ಏರಿಸಲಿಲ್ಲ. "ಸರಿ ಗುರುಗಳೇ. ಅಲ್ಲಿ ಸಾವಿರ ಮಕ್ಕಳಿರ್ತಾರೆ, ಎಲ್ರದೂ ನೇರ ಕಣ್ಣು. ನಾನು ಹೋದಾಗ ನಮ್ಮವಳನ್ನ ಹೆಂಗೆ ಗುರುತು ಹಿಡೀಲಿ?"

ಪಾದ್ರಿ ಪಕ್ಕಕ್ಕೆ ಸರಿದರು. ಗಾರೆಯ ಅಂಚು ಆಗಲೇ ಬೆಳ್ಳಗಾಗುತ್ತಿತ್ತು. ಸ್ತಿಲಿಯಾನೋಸ್ ಉಸಿರು ಬಿಗಿಹಿಡಿದು ಎಡಗಣ್ಣಿನ ಕಪ್ಪು ಚುಕ್ಕೆಯನ್ನು ಮೂಗಿನ ಪಕ್ಕಕ್ಕೇ ಇಟ್ಟ. ಆಮೇಲೆ ಮಗುವಿನ ಕಾಲ ಬಳಿ ಉಳಿದಿದ್ದ ಹಸಿ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಮೇಕೆ ಯಾವ ಬಣ್ಣ, ಅಕ್ಕ?"